ಮುಚ್ಚಳ ತೆಗೆಯದ ಊರಿನಲ್ಲಿ

ಹೊರಡುವ ಮುಂಚೆ, ಮದ್ದೂರು

ಫಿನ್‌ಲೆಂಡಿಗೆ ಹೋಗಿ ಬಂದೆ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು, "ಊಟಕ್ಕೇನ್ ಮಾಡುದ್ರಿ?" ಎಂದು. ಆಲೂಗಡ್ಡೆ ಎಂದರೆ ಅಯ್ಯೋ ಪಾಪ ಎನ್ನುವ ಮುಖ ಮಾಡಿ, ಮುಂದೆ ಏನೂ ಕೇಳದೆ ಹೊರಟುಬಿಡುತ್ತಾರೆ. ಹೀಗಾಗಿ ನಾನು ಹೇಳಬೇಕೆಂದುಕೊಂಡ ಸಂಗತಿಯೆಲ್ಲ ಗಂಟಲಲ್ಲೇ ಉಳಿದುಹೋಗಿದೆ. ಇಲ್ಲಿ ಬರೆದು ಹಗುರಾಗುತ್ತೇನೆ.

ನಾನು ಮಳವಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಮದ್ದೂರು ಸೇರಿದವಳು. ಊರಾಚೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಮಿಸ್ಟು. ನಮ್ಮ ವಿಭಾಗದಲ್ಲಿ ಒಂದು ಬಗೆಯ ಪ್ಲಾಸ್ಟಿಕ್ಕು ತಯಾರಾಗುತ್ತದೆ. ಬಕೀಟು, ಚೊಂಬಿನ ಪ್ಲಾಸ್ಟಿಕ್ಕಲ್ಲ. ಇದನ್ನು ಕಾದ ಎಣ್ಣೆಗೆ ಹಾಕಿದರೂ ಮೆತ್ತಗಾಗುವುದಿಲ್ಲ, ಉಕ್ಕು ಕೂರುವ ಜಾಗದಲ್ಲಿ ಕೂರಿಸಬಹುದು. ಪೂರ್ತಿ ಹೆಸರು ಬರೆದರೆ ಒಂದು ಸಾಲು ತುಂಬುತ್ತದೆ, ಆದ್ದರಿಂದ ಕಾರ್ಖಾನೆಯಲ್ಲಿ ಎಲ್ಲರೂ 'ಪೀಕು' ಅಂತಲೇ ಕರೆಯುತ್ತೇವೆ. ಗಟ್ಟಿತನದಲ್ಲಿ ನಮ್ಮ ಪೀಕು ಯಾರಿಗೂ ಕಮ್ಮಿಯಿಲ್ಲ. ತಕರಾರು ಇದ್ದದ್ದು ಬಣ್ಣದಲ್ಲಿ. ಅದು ಅಕ್ಕಿಹಿಟ್ಟಿನ ಹಾಗೆ ಬೆಳ್ಳಗೆ ಬರಬೇಕು. ನಮ್ಮದು ಪ್ರತಿ ಸಲವೂ ಕಂದಾಗಿ ಬರುತ್ತಿತ್ತು.

ಕೊಳ್ಳುವವರು ಫಿನ್‌ಲೆಂಡಿನ ಒಂದು ಕಂಪನಿ. ಹಲ್ಲು ಕಟ್ಟುವುದಕ್ಕೆ ಬೇಕಾದ ಸಣ್ಣಸಣ್ಣ ಭಾಗಗಳನ್ನು ಮಾಡುತ್ತಾರೆ. ಬಾಯಲ್ಲಿ ಕಂದು ಬಣ್ಣದ ಹಲ್ಲು ಇಟ್ಟುಕೊಂಡು ನಗುವುದಕ್ಕೆ ಯಾರಿಗೂ ಇಷ್ಟವಿಲ್ಲ, ಹಾಗಾಗಿ ಅವರು ನಮ್ಮ ಮಾಲನ್ನು ಮತ್ತೆ ಮತ್ತೆ ವಾಪಸ್ಸು ಕಳಿಸಿದರು. ಕೊನೆಗೆ, ನಿಮ್ಮವರೇ ಬಂದು ನಮ್ಮ ಪ್ರಯೋಗಾಲಯದಲ್ಲಿ ಮಾಡಿ ನೋಡಲಿ ಎಂದು ಕರೆದರು. ನಮ್ಮ ಮಾಲೀಕರು ನನ್ನನ್ನು ಎದುರಿಗೆ ಕೂರಿಸಿಕೊಂಡು, "ಬಣ್ಣ ಸರಿ ಮಾಡ್ಕಂಡ್ ಬನ್ನಿ. ಆಗ್ಲಿಲ್ಲ ಅಂದ್ರೆ ಈ ಸೆಕ್ಸನ್ ಮುಚ್ಚಿ, ಮೊದಲಿನಂಗೆ ಪೈಪಿನ ಗೋಂದು ಮಾಡ್ಕಂಡಿರಾಣ" ಅಂದರು. ಗೋಂದು ಮಾಡುವುದಕ್ಕೆ ಕೆಮಿಸ್ಟೂ ಬೇಡ, ನಮ್ಮ ವಿಭಾಗದವರೂ ಬೇಡ ಎಂಬುದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ.

ನನ್ನ ಜೊತೆಗೆ ಹೊರಟವರು ಜವರಣ್ಣ, ಬಸರಾಳಿನವರು. ನಮ್ಮ ದೊಡ್ಡ ಪಾತ್ರೆಯ ಮುಂದೆ ನಿಲ್ಲುವ ಹಿರಿಯರು. ಹರೆಯದಿಂದಲೂ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತವರು, ಬೆಲ್ಲದ ಪಾಕ ಬಂತೋ ಇಲ್ಲವೋ ಎಂದು ನೋಡಲು ಸುತ್ತಲಿನ ಹಳ್ಳಿಯವರು ಅವರನ್ನೇ ಕರೆಯುತ್ತಿದ್ದರಂತೆ. ಮಾಲೀಕರು ಅವರನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದೂ ಆ ಕಣ್ಣಿಗಾಗಿ. ಹೊರಡುವ ದಿನ ಅವರ ಹೆಂಡತಿ ನನ್ನ ಕೈ ಹಿಡಿದು, "ನಮ್ಮವರ್ನ ಒಸಿ ನೋಡ್ಕಳಿ ಕಣಮ್ಮ. ಯಾರ್ ಮನೆ ಬಾಗ್ಲು ತೆಗ್ದಿದ್ರೂ ಒಳಕ್ಕೋಗಿ ಕುಂತ್ಕಬುಡ್ತಾರೆ" ಅಂದರು. ನಾನು ನಕ್ಕೆ, ಅವರು ನಗಲಿಲ್ಲ.

ಹೆಲ್ಸಿಂಕಿ ವಿಮಾನ ನಿಲ್ದಾಣ

ವಿಮಾನದಲ್ಲಿ ಜವರಣ್ಣ ಕಿಟಕಿಯ ಪಕ್ಕ ಕೂತು, ಕಣ್ಣು ಮುಚ್ಚದೆ ಮೋಡ ನೋಡಿದರು. ನಡುವೆ ಒಮ್ಮೆ ಗಗನಸಖಿಯ ಅಡುಗೆಕೋಣೆಗೆ ನುಗ್ಗಿ, ಅಲ್ಲಿ ಏನು ಬಿಸಿಯಾಗುತ್ತಿದೆ ಎಂದು ನೋಡಿಕೊಂಡು ಬಂದರು. "ಏನಿಲ್ಲ, ಅನ್ನ ಬಿಸಿ ಮಾಡ್ತಾವ್ರೆ" ಎಂದು ನನಗೆ ವರದಿ ಒಪ್ಪಿಸಿದರು.

ಹೆಲ್ಸಿಂಕಿಯಲ್ಲಿ ಸುಂಕದ ಹೆಂಗಸು ಅವರ ಚೀಲ ಬಿಚ್ಚಿಸಿದಳು. ಅದರಲ್ಲಿ ಎರಡು ಪೊಟ್ಟಣ ಸಿಕ್ಕವು. ಒಂದು, ಹೆಂಡತಿ ಕಟ್ಟಿಕೊಟ್ಟ ರಾಗಿ ಹುರಿಹಿಟ್ಟು. ಇನ್ನೊಂದು, ನಾವು ಮಾದರಿಗೆಂದು ತಂದಿದ್ದ ನಮ್ಮ ಪೀಕು ಪುಡಿ. ಆಕೆ ಎರಡನ್ನೂ ಬೆಳಕಿಗೆ ಹಿಡಿದು, ಏನಿದು ಎಂದು ಹುಬ್ಬಲ್ಲೇ ಕೇಳಿದಳು. ನಾನು ಇಂಗ್ಲಿಷ್ ಜೋಡಿಸಿಕೊಳ್ಳುವಷ್ಟರಲ್ಲಿ ಜವರಣ್ಣ ಒಂದು ಚಿಟಿಕೆ ಹುರಿಹಿಟ್ಟು ಬಾಯಿಗೆ ಹಾಕಿಕೊಂಡು, ತಿನ್ನುವ ಪದಾರ್ಥ ಎಂದು ತೋರಿಸಿದರು. ಆಕೆ ಇನ್ನೊಂದು ಪೊಟ್ಟಣದ ಕಡೆ ಬೆರಳು ಮಾಡಿದಳು.

"ಅದ ತಿನ್ನಕ್ಕಾಗಲ್ಲ ಕಣಮ್ಮ, ಅದು ಪಿಲಾಸ್ಟಿಕ್ಕು" ಅಂದರು ಜವರಣ್ಣ, ಶುದ್ಧ ಬಸರಾಳು ಕನ್ನಡದಲ್ಲಿ.

ಕಾಗದ ತೋರಿಸಿ ಬಿಡಿಸಿಕೊಂಡು ಬಂದೆವು. ಆದರೆ ಆ ಹೆಂಗಸಿನ ಎರಡು ಕೈಯಲ್ಲಿದ್ದ ಎರಡು ಪೊಟ್ಟಣ ನನ್ನ ಕಣ್ಣಿಗೆ ಕಟ್ಟಿತು. ಎರಡರ ಬಣ್ಣವೂ ಒಂದೇ. ಹುರಿಹಿಟ್ಟಿಗೆ ಆ ಬಣ್ಣ ಭೂಷಣ, ಹಲ್ಲಿಗಲ್ಲ. ನನಗೆ ಒಳಗೊಳಗೇ ಸಿಟ್ಟು ಬಂತು. ಸಿಟ್ಟೆಲ್ಲ ನಮಗೆ ಕಚ್ಚಾ ಪುಡಿ ಕಳಿಸುವವನ ಮೇಲೆ. ಅವನ ಪುಡಿ ಶುದ್ಧವಿಲ್ಲ, ಅದಕ್ಕೇ ಬಣ್ಣ ಕೆಡುತ್ತಿದೆ ಎಂದು ನಾನು ತೀರ್ಮಾನ ಮಾಡಿಯಾಗಿತ್ತು. ಫಿನ್‌ಲೆಂಡಿನಲ್ಲಿ ಅದನ್ನು ಸಾಬೀತು ಮಾಡಿ, ಅವನಿಗೆ ಫೋನಿನಲ್ಲೇ ಬಿಸಿ ಮುಟ್ಟಿಸಬೇಕು ಎಂದು ಮಾತುಗಳನ್ನೂ ಹೊಂದಿಸಿಕೊಂಡಿದ್ದೆ.

ಕೆರೆಯೂರು

ನಾವು ಹೋಗಬೇಕಿದ್ದ ಊರಿನ ಹೆಸರು ನನ್ನ ನಾಲಿಗೆಗೆ ದಕ್ಕಲಿಲ್ಲ. ಎತ್ತ ತಿರುಗಿದರೂ ಕೆರೆ ಕಾಣುತ್ತಿದ್ದುದರಿಂದ ಜವರಣ್ಣ ಅದಕ್ಕೆ ಕೆರೆಯೂರು ಎಂದು ಹೆಸರಿಟ್ಟರು. ನೀರು ಅಷ್ಟೊಂದು ಇದೆ, ಒಂದು ಗದ್ದೆ ಇಲ್ಲ ಎನ್ನುವುದು ಅವರಿಗೆ ತಡೆಯಲಾರದ ಸಂಕಟ. "ನಮ್ ಕಡೆ ಕೊತ್ತತ್ತಿಯೋರ್ಗೆ ಈ ನೀರ್ ಕೊಟ್ಟಿದ್ರೆ ವರ್ಸಕ್ಕೆ ಮೂರ್ ಬೆಳೆ ತೆಗ್ಯೋರು" ಎಂದು ದಡದಲ್ಲಿ ನಿಂತು ಲೊಚಗುಟ್ಟಿದರು.

ಆ ಊರಿನ ಜನ ಒಬ್ಬರನ್ನೊಬ್ಬರು ನೋಡುವುದಿಲ್ಲ. ಇದನ್ನು ನಂಬುವುದು ನಮಗೆ ಕಷ್ಟ. ಮದ್ದೂರಿನ ಬಸ್ಸು ಹತ್ತಿದರೆ ಒಳಗಿನ ಅಷ್ಟೂ ಜನ ನಮ್ಮನ್ನು ತಲೆಯಿಂದ ಕಾಲಿನವರೆಗೆ ನೋಡಿ, ಚೀಲದಲ್ಲಿರುವ ತರಕಾರಿಯನ್ನೂ ನೋಡಿ, ಬೀನ್ಸು ಎಲ್ಲಿ ಕೊಂಡಿರಿ ಎಂದು ಕೇಳಿ, ಆಮೇಲೆ ತಾನೇ ಜಾಗ ಬಿಡುವುದು. ಪಕ್ಕದ ಮನೆಯವರು ಮಾತಾಡುತ್ತಲೇ ನಮ್ಮ ಸಾರಿನ ಪಾತ್ರೆ ಮುಚ್ಚಳ ಎತ್ತಿ ನೋಡುತ್ತಾರೆ. ನೋಡದಿದ್ದರೆ ಏನೋ ಮುನಿಸಿರಬೇಕು ಎಂದು ನಮಗೇ ಅನುಮಾನ ಬರುತ್ತದೆ. ಕೆರೆಯೂರಿನಲ್ಲಿ ಬಸ್ಸಿಗೆ ಕಾಯುವವರು ಒಬ್ಬರಿಂದೊಬ್ಬರು ಒಂದು ಎಮ್ಮೆ ಹಾಯುವಷ್ಟು ದೂರ ನಿಲ್ಲುತ್ತಾರೆ. ಮನೆಗಳ ಕಿಟಕಿಗೆ ಪರದೆ ಇಲ್ಲ, ಆದರೂ ದಾರಿಹೋಕರು ಒಳಗೆ ಕಣ್ಣು ಹಾಯಿಸುವುದಿಲ್ಲ. ಜವರಣ್ಣ ಮಾತ್ರ ಪ್ರತಿ ಕಿಟಕಿಗೂ ನ್ಯಾಯ ಸಲ್ಲಿಸಿದರು. ಒಂದು ಮನೆಯ ಮುದುಕ ಬೆಚ್ಚಿಬಿದ್ದು, ಆಮೇಲೆ ಏನು ಮಾಡುವುದೆಂದು ತೋಚದೆ ಕೈ ಬೀಸಿದ. ಇವರೂ ಬೀಸಿದರು.

ಮಾತೂ ಹಾಗೆಯೇ. ಪ್ರಯೋಗಾಲಯದ ಮುಖ್ಯಸ್ಥೆ ಪಿರ್ಕ್ಕೊ ಎಂಬಾಕೆ, ಅರವತ್ತರ ಹತ್ತಿರದವರು, ನೆಟ್ಟಗೆ ನಿಲ್ಲುವ ಬೆಳ್ಳಿ ಕೂದಲಿನ ಹೆಂಗಸು. ನಮ್ಮನ್ನು ಬಸ್ ನಿಲ್ದಾಣದಿಂದ ಕರೆದುಕೊಂಡು ಹೋಗಲು ಬಂದವರು, ಕೈ ಕುಲುಕಿ ಕಾರು ಹತ್ತಿಸಿ, ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ನನಗೆ ದಿಗಿಲಾಯಿತು, ನಮ್ಮ ಮಾಲಿನ ಮೇಲೆ ಕೋಪವಿರಬೇಕು ಎಂದು. ಇಳಿಯುವಾಗ ಅವರು, "ಒಳ್ಳೆಯ ಪ್ರಯಾಣವಾಯಿತು" ಎಂದು ಸಂತೋಷದಿಂದ ಹೇಳಿದರು. ಅವರ ಇಂಗ್ಲಿಷು ನಿಧಾನ, ನನ್ನದು ಅವಸರದ್ದು, ಆದರೂ ಒಬ್ಬರದ್ದೊಬ್ಬರಿಗೆ ತಿಳಿಯುತ್ತಿತ್ತು. ಜವರಣ್ಣ ಅವರನ್ನು ಮೊದಲ ದಿನದಿಂದಲೇ ಪಿರ್ಕಮ್ಮ ಎಂದು ಕರೆದು, ಕನ್ನಡದಲ್ಲೇ ಮಾತಾಡಿಸಿದರು. ಆಕೆ ತಮ್ಮ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು. ಇಬ್ಬರಿಗೂ ನನ್ನ ಸಹಾಯ ಬೇಕಾಗುತ್ತಿರಲಿಲ್ಲ.

ಎರಡು ಪಾತ್ರೆ

ಪ್ರಯೋಗಾಲಯದಲ್ಲಿ ಎರಡು ಸಣ್ಣ ಉಕ್ಕಿನ ಪಾತ್ರೆಗಳು ಅಕ್ಕಪಕ್ಕ ಕೂತಿದ್ದವು. ಪಿರ್ಕ್ಕೊ ಯೋಜನೆ ಸರಳ. ಒಂದರಲ್ಲಿ ನಾವು ಮದ್ದೂರಿನಿಂದ ಮುಂಚೆಯೇ ಕಳಿಸಿದ್ದ ಕಚ್ಚಾ ಪುಡಿ, ಇನ್ನೊಂದರಲ್ಲಿ ಅವರ ಕಚ್ಚಾ ಪುಡಿ. ಎರಡನ್ನೂ ಅವರ ಪ್ರಯೋಗಾಲಯದ ಹುಡುಗಿಯರೇ ಬೇಯಿಸುತ್ತಾರೆ. ಮದ್ದೂರಿನದು ಕಂದಾಗಿ ಬಂದು ಅವರದು ಬೆಳ್ಳಗೆ ಬಂದರೆ ಕಳ್ಳ ಕಚ್ಚಾ ಪುಡಿಯಲ್ಲೇ ಇದ್ದಾನೆ ಎಂದರ್ಥ. ನನಗೆ ಬೇಕಾಗಿದ್ದೂ ಅದೇ.

ಪುಡಿಗಳನ್ನು ಹಾಕಿ, ಮುಚ್ಚಳ ಬಿಗಿದು, ಗಾಳಿ ಒಳಗೆ ಸೇರದ ಹಾಗೆ ನೈಟ್ರೋಜನ್ ಹರಿಯಬಿಟ್ಟು, ಬಿಸಿ ಏರಿಸತೊಡಗಿದರು. ನಮ್ಮಲ್ಲೂ ಹೀಗೆಯೇ. ಪಾತ್ರೆಗೆ ಒಂದು ದುಂಡನೆಯ ಗಾಜಿನ ಕಿಂಡಿ ಇರುತ್ತದೆ, ಒಳಗೆ ನೋಡುವುದಕ್ಕೆ. ಆದರೆ ಒಳಗಿನ ಆವಿ ಅಂಟಿಕೊಂಡು ಅದು ಬೇಗನೆ ಮಬ್ಬಾಗಿ ಏನೂ ಕಾಣದಂತಾಗುತ್ತದೆ. ಇಲ್ಲಿಯೂ ಮಬ್ಬಾಯಿತು. ಆಗ ಆ ಹುಡುಗಿಯರು ಮಾಡಿದ್ದೇನೆಂದರೆ, ಕೈ ತೊಳೆದುಕೊಂಡು ಕಾಫಿ ಕುಡಿಯಲು ಹೋದರು.

ಜವರಣ್ಣನಿಗೆ ಕಾಲು ನಿಲ್ಲಲಿಲ್ಲ. ಪಾತ್ರೆಗೆ ಸುತ್ತು ಹಾಕಿದರು, ಮಬ್ಬು ಗಾಜಿಗೆ ಕಣ್ಣು ಹಚ್ಚಿದರು, ಮುಚ್ಚಳದ ಮೇಲೆ ಕೈಯಾಡಿಸಿದರು. "ಒಲೆ ಮೇಲ್ ಮಡಗ್ಬುಟ್ಟು ಕಾಪಿ ಕುಡ್ಯಕ್ಕೋಯ್ತಾರಲ್ಲ, ಇವ್ರೇನ್ ಬದ್ಕು ಮಾಡೋರ?" ಎಂದು ನನ್ನನ್ನು ಕೇಳಿದರು. ಕಾಫಿಯ ಜೊತೆ ಏಲಕ್ಕಿ ಹಾಕಿದ ಬನ್ನು ಇತ್ತು. ಜವರಣ್ಣ ಅದನ್ನು ಕೈಯಲ್ಲಿ ಹಿಡಿದು ಬಾಗಿಲ ಬಳಿಯೇ ನಿಂತರು, ಪಾತ್ರೆ ಕಣ್ಣಿಗೆ ಕಾಣುವ ಹಾಗೆ.

ಬೆಂದ ಮಾಲು ತಣಿದು, ಪುಡಿಯಾಗಿ, ತೊಳೆದು, ಒಣಗಿ ಬರುವುದಕ್ಕೆ ಮಾರನೆಯ ದಿನವಾಯಿತು. ಪಿರ್ಕ್ಕೊ ಬಿಳಿ ಕಾಗದದ ಮೇಲೆ ಎರಡು ಚಿಟಿಕೆ ಇಟ್ಟರು. ಎರಡೂ ಬೆಳ್ಳಗಿದ್ದವು. ಯಾವುದು ಯಾರದು ಎಂದು ಅವರು ಹೇಳುವವರೆಗೆ ನನಗೆ ಗೊತ್ತಾಗಲಿಲ್ಲ.

ನಮ್ಮ ಕಚ್ಚಾ ಪುಡಿ ಶುದ್ಧವಾಗಿಯೇ ಇತ್ತು ಎನ್ನುವುದು ಸಂತೋಷದ ಸುದ್ದಿ. ಆದರೆ ಪುಡಿ ಸರಿಯಿದ್ದರೆ ತಪ್ಪು ನಮ್ಮ ಕೈಯಲ್ಲಿದೆ. ಆ ಸರಬರಾಜಿನವನಿಗಾಗಿ ಹೊಂದಿಸಿಟ್ಟಿದ್ದ ಮಾತುಗಳೆಲ್ಲ ಅನಾಥವಾದವು.

ನಮ್ಮ ಸರದಿ

"ಇವತ್ತು ನೀವು ಮಾಡಿ," ಅಂದರು ಪಿರ್ಕ್ಕೊ. "ಮದ್ದೂರಿನಲ್ಲಿ ಹೇಗೆ ಮಾಡುತ್ತೀರೋ ಹಾಗೆಯೇ. ನಾನು ಇಲ್ಲಿ ಕೂತಿರುತ್ತೇನೆ." ಪುಡಿ ಅವರದು, ಪಾತ್ರೆ ಅವರದು, ಕೈ ನಮ್ಮದು.

ಜವರಣ್ಣ ಪಾತ್ರೆಗೆ ಕೈ ಮುಗಿದು ಶುರು ಮಾಡಿದರು. ಅವರು ಕೆಲಸ ಮಾಡುವುದನ್ನು ನೋಡುವುದೇ ಚೆಂದ. ಒಂದು ಕಾಳು ಪುಡಿ ಚೆಲ್ಲುವುದಿಲ್ಲ, ಒಂದು ಮಾತು ಹೆಚ್ಚಾಡುವುದಿಲ್ಲ. ಬಿಸಿ ಏರಿತು, ಗಾಜು ಮಬ್ಬಾಯಿತು. ಆಗ ಅವರು ಪುಡಿ ಹಾಕುವ ಸಣ್ಣ ಮುಚ್ಚಳವನ್ನು ಸಡಿಲಿಸಿ, ತುಸು ಎತ್ತಿ, ಟಾರ್ಚು ಬಿಟ್ಟು ಒಳಗೆ ನೋಡಿದರು. "ಬನ್ನಿ ಮೇಡಮ್, ನೋಡಿ, ನೊರೆ ಎಂಗ್ ಎದ್ದದೆ" ಎಂದು ಕರೆದರು. ನಾನೂ ಹೋಗಿ ನೋಡಿದೆ. ಚೆನ್ನಾಗಿ ಎದ್ದಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದರು, ನನ್ನನ್ನೂ ಕರೆದರು. ಒಮ್ಮೆ ಅಭಿಮಾನದಿಂದ ಪಿರ್ಕ್ಕೊಗೂ, "ಬಾರಮ್ಮ ಪಿರ್ಕಮ್ಮ, ನೋಡು ಬಾ" ಎಂದರು. ಆಕೆ ಕುರ್ಚಿಯಿಂದ ಏಳಲಿಲ್ಲ. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ.

ಮಾರನೆಯ ದಿನ ಬಿಳಿ ಕಾಗದದ ಮೇಲೆ ಬಂದದ್ದು ಹುರಿಹಿಟ್ಟು.

ಅವರ ಪುಡಿ, ಅವರ ಪಾತ್ರೆ, ಆದರೂ ಮದ್ದೂರಿನ ಬಣ್ಣ ಸ್ವಲ್ಪವೂ ತಪ್ಪದೆ ಬಂದು ಕೂತಿತ್ತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ನೀವು ಮುಚ್ಚಳ ತೆಗೆದಿರಿ," ಅಂದರು ಪಿರ್ಕ್ಕೊ.

"ತೆಗೆಯಲಿಲ್ಲ, ಸುಮ್ಮನೆ ನೋಡಿದೆವು," ಅಂದೆ ನಾನು. ಅಂದ ಮೇಲೆ, ಏನಂದೆ ಎಂದು ನನಗೇ ಕೇಳಿಸಿತು.

ನೋಡಿ, ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆ ಪುಡಿ ಕಾಯತೊಡಗಿದ ಹೊತ್ತಿನಲ್ಲಿ ಗಾಳಿ ಸೋಕಿದರೆ ಕಂದಾಗುತ್ತದೆ, ಹೆಚ್ಚಿಟ್ಟ ಬದನೆಕಾಯಿ ಹೇಗೆ ಆಗುತ್ತದೋ ಹಾಗೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನೇ ಇದನ್ನು ಹೇಳಿಕೊಡುತ್ತೇನೆ. ಅದಕ್ಕೇ ತಾನೇ ನೈಟ್ರೋಜನ್ ಬಿಡುವುದು. ಆದರೆ ನಮ್ಮ ಕಡೆ ಇಣುಕುವುದನ್ನು ತೆಗೆಯುವುದು ಎಂದು ಯಾರೂ ಹಿಡಿಯುವುದಿಲ್ಲ. ಸೌಟಾಡಿಸುವುದು ಹೇಗೋ ಹಾಗೆ ಅದೂ ಅಡುಗೆಯ ಒಂದು ಭಾಗ. ಮದ್ದೂರಿನಲ್ಲಿ ಜವರಣ್ಣ ನೋಡುತ್ತಾರೆ, ಪಾಳಿ ಬದಲಾದವರು ನೋಡುತ್ತಾರೆ, ಆ ದಾರಿಯಲ್ಲಿ ಹಾದವರು ನೋಡುತ್ತಾರೆ, ನಾನು ನೋಡುತ್ತೇನೆ, ಮಾಲೀಕರು ನೆಂಟರನ್ನು ಕರೆತಂದು "ತೋರ್ಸು ಜವರಣ್ಣ" ಎನ್ನುತ್ತಾರೆ. ಇಷ್ಟು ಜನರ ಪ್ರೀತಿಯ ನಡುವೆ ಆ ಪೀಕು ಬೆಳ್ಳಗಿರುವುದಾದರೂ ಹೇಗೆ.

"ಒಳಗೆ ಏನನ್ನು ನೋಡುತ್ತಾರೆ ಎಂದು ಅವರನ್ನು ಕೇಳಿ," ಅಂದರು ಪಿರ್ಕ್ಕೊ. ವ್ಯಂಗ್ಯವಿರಲಿಲ್ಲ, ನಿಜವಾಗಿ ತಿಳಿಯಬೇಕಾಗಿತ್ತು ಅವರಿಗೆ.

ಕೇಳಿದೆ. ಜವರಣ್ಣ, "ಏನ್ ನೋಡಾದು? ನೋಡ್ಬೇಕಲ್ವ?" ಅಂದರು.

ಇದನ್ನು ಇಂಗ್ಲಿಷಿಗೆ ಹೇಗೆ ತಿರುಗಿಸುವುದೆಂದು ನನಗೆ ಈಗಲೂ ಗೊತ್ತಿಲ್ಲ.

ಕೆರೆಯ ದಡ

ಆ ಸಂಜೆ ಜವರಣ್ಣ ಊಟ ಬೇಡ ಎಂದರು. ಅಲ್ಲಿ ಬೇಸಿಗೆಯ ಸಂಜೆ ಮುಗಿಯುವುದೇ ಇಲ್ಲ, ಬಿಸಿಲು ಕೆರೆಯ ಮೇಲೆ ಒರಗಿಕೊಂಡೇ ಇರುತ್ತದೆ. ದಡದ ಕಲ್ಲಿನ ಮೇಲೆ ಅವರ ಪಕ್ಕ ಹೋಗಿ ಕೂತೆ.

"ಮೇಡಮ್, ಬಸರಾಳ್ ಸುತ್ತ ನನ್ ಕಣ್ಣಿಗೇಂತ ಕರ್ದು ಮಣೆ ಆಕೋರು. ಇಲ್ಲಿ ನನ್ ಕಣ್ಣೇ ಕೆಡುಸ್ತು ಅಂತಾಯ್ತಲ್ಲ" ಅಂದರು.

"ಕಣ್ಣಲ್ಲ ಜವರಣ್ಣ, ಗಾಳಿ. ನಾನೂ ನೋಡಿಲ್ಲವಾ, ಮಾಲೀಕರು ನೋಡಿಲ್ಲವಾ."

"ನೀವ್ ನೋಡುದ್ರೆ ಹವ್ಯಾಸ. ನಾ ನೋಡುದ್ರೆ ಸಂಬ್ಳ" ಅಂದರು. "ನೋಡಾದೇ ಬ್ಯಾಡ ಅಂದ್ಮೇಲೆ ನಾನ್ಯಾಕೆ ಅಲ್ಲಿ?"

ವಿಭಾಗ ಉಳಿಯುವ ದಾರಿ ಸಿಕ್ಕಿದೆ ಎಂದು ನನಗೆ ಕುಣಿಯುವಷ್ಟು ಖುಷಿ. ಅದೇ ದಾರಿ ಈ ಮನುಷ್ಯನನ್ನು ಪಾತ್ರೆಯ ಮುಂದಿನಿಂದ ಎಬ್ಬಿಸಿ ಕಳಿಸುತ್ತದೆಯೇನೋ ಎಂದು ಸಂಕಟ.

ಪಿರ್ಕ್ಕೊ ಅವರ ಸೌನಾ

ಶನಿವಾರ ಪಿರ್ಕ್ಕೊ ನಮ್ಮನ್ನು ಕೆರೆಯಂಚಿನ ತಮ್ಮ ಮರದ ಮನೆಗೆ ಕರೆದರು. ಸೌನಾ ಎಂದರೆ ಒಲೆಯ ಮೇಲೆ ಕಲ್ಲು ಕಾಯಿಸಿ, ನೀರೆರಚಿ, ಆ ಹಬೆಯಲ್ಲಿ ಕೂರುವ ಸಣ್ಣ ಮರದ ಕೋಣೆ. ಫಿನ್ನರು ಅದರೊಳಗೆ ಹುಟ್ಟುಡುಗೆಯಲ್ಲಿ ಕೂರುತ್ತಾರೆ. ನಾನು ನೈಟಿ ಹಾಕಿಕೊಂಡೇ ಕೂರುತ್ತೇನೆ ಎಂದು ಹಠ ಹಿಡಿದೆ. ಪಿರ್ಕ್ಕೊ ಸ್ವಲ್ಪ ಯೋಚಿಸಿ, "ಅದರಲ್ಲಿ ನಿಮಗೆ ಬಿಸಿಯಾಗಬಹುದು" ಎಂದಷ್ಟೇ ಹೇಳಿದರು. ಬಿಸಿಯಾಯಿತು. ಹೊರಗೆ ಬಂದಾಗ ನನ್ನ ನೈಟಿಯನ್ನು ಹಿಂಡಿದ್ದರೆ ಅರ್ಧ ಬಿಂದಿಗೆ ತುಂಬುತ್ತಿತ್ತು.

ಆಮೇಲೆ ಗಂಡಸರ ಸರದಿ. ಪಿರ್ಕ್ಕೊ ಗಂಡ ಆಕೆಗಿಂತಲೂ ಮೌನಿ. ಅಂಥವರ ಜೊತೆ ನಮ್ಮ ಜವರಣ್ಣ ಪಂಚೆ ಬಿಗಿದು ಒಳಗೆ ಹೋದರು. ಬಹಳ ಹೊತ್ತಾದರೂ ಸದ್ದಿಲ್ಲ. ಕೊನೆಗೆ ಇಬ್ಬರೂ ಬೇಯಿಸಿದ ಗೆಣಸಿನ ಹಾಗೆ ಕೆಂಪಗಾಗಿ ಹೊರಬಿದ್ದು, ನೇರ ಕೆರೆಗೆ ಹೋಗಿ ಬಿದ್ದರು. ಜವರಣ್ಣನ ಕೂಗು ಆಚೆ ದಡಕ್ಕೂ ಕೇಳಿಸಿರಬೇಕು.

ಪಂಚೆ ಹಿಂಡಿಕೊಂಡು ಬಂದವರು ಮೂರು ದಿನದಲ್ಲಿ ಮೊದಲ ಸಲ ನಗುತ್ತಿದ್ದರು. ಏನು ಮಾತಾಡಿದಿರಿ ಎಂದು ಕೇಳಿದೆ.

"ಮಾತೇನಿಲ್ಲ ಕಣಮ್ಮ. ಉರಿ ತಡ್ಯಕ್ಕಾಗ್ದೆ ಬಾಗ್ಲು ತೆಗ್ಯಕ್ಕೋದೆ, ಆವಯ್ಯ ಕೈ ಇಡ್ಕಂಡ. ತಿರ್ಗ ಓದೆ, ತಿರ್ಗ ಇಡ್ಕಂಡ. ಆಮೇಕೆ ಸುಮ್ಕೆ ಕುಂತ್ಕಂಡೆ. ಕುಂತ್ಕಂಡಿದ್ರೆ ಒಳಗಿನ್ ಶಾಖ ಒಳಗೇ ನಿಂತು, ಮೈಯೆಲ್ಲ ಅಂಗೇ ಬುಟ್ಕತ್ತದೆ." ತಲೆ ಒರೆಸಿಕೊಳ್ಳುತ್ತಾ ಇನ್ನೊಂದು ಮಾತು ಸೇರಿಸಿದರು. "ನಮ್ಮನೆಯವ್ಳೂ ಅಂಗೇ ಅಂತಾಳೆ, ಇಡ್ಲಿ ಮಡಗಿದ್ರೆ ನೀವ್ ಅಡ್ಗೆಮನೆಗ್ ಬರ್ಬ್ಯಾಡಿ ಅಂತ."

ಆ ಸಂಜೆ ಅವರು ಮೂವರ ಆಲೂಗಡ್ಡೆ ಒಬ್ಬರೇ ತಿಂದರು. ಪಿರ್ಕ್ಕೊ ಗಂಡ ಮೆಚ್ಚುಗೆಯಿಂದ ಪಾತ್ರೆಯನ್ನು ಅವರ ಕಡೆಗೇ ಸರಿಸಿದರು.

ಕುರ್ಚಿ ತಿರುಗಿಸಿದ ದಿನ

ಕೊನೆಯ ಪ್ರಯೋಗಕ್ಕೆ ಮದ್ದೂರಿನ ಪುಡಿ, ಮದ್ದೂರಿನ ಕೈ. ಮುಚ್ಚಳ ಬಿಗಿದ ಮೇಲೆ ಜವರಣ್ಣ ಒಂದು ಕುರ್ಚಿ ಎಳೆದು, ಪಾತ್ರೆಗೆ ಬೆನ್ನು ಮಾಡಿ, ಕಿಟಕಿಯ ಕಡೆ ತಿರುಗಿ ಕೂತರು. ಹೆಗಲ ಮೇಲಿನ ಟವೆಲ್ಲನ್ನು ಗಂಟು ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು. "ನೊರೆ ಎದ್ದದಾ?" ಎಂದು ನನ್ನನ್ನು ಕೇಳಿದರು. ನನಗೂ ಕಾಣಿಸುವುದಿಲ್ಲ ಎಂದೆ. "ಸುಮ್ಕೆ ಎದ್ದದೆ ಅನ್ನಿ, ಒಸಿ ಸಮಾಧಾನ" ಅಂದರು. ಎದ್ದಿದೆ ಎಂದೆ. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು, ಆದರೂ ಟವೆಲ್ಲಿಗೆ ಸ್ವಲ್ಪ ಬಿಡುವು ಸಿಕ್ಕಿತು.

ಅವರ ಒದ್ದಾಟ ನೋಡಲಾರದೆ ಪಿರ್ಕ್ಕೊ ಎದ್ದು ಬಂದರು. ಜವರಣ್ಣನ ಭುಜ ಮುಟ್ಟಿ ಎಬ್ಬಿಸಿ, ಪಕ್ಕದ ಗೋಡೆಯ ಮೇಲಿದ್ದ ಒಂದು ಮುಳ್ಳಿನ ಮೀಟರು ತೋರಿಸಿದರು. ಒಳಗಿನ ಪದಾರ್ಥ ಮಂದವಾದ ಹಾಗೆ ಅದನ್ನು ಕಲಕುವ ಮೋಟರಿಗೆ ಭಾರ ಹೆಚ್ಚುತ್ತದೆ, ಮುಳ್ಳು ಮೇಲೇರುತ್ತದೆ. ಇಂಥ ಮೀಟರು ಮದ್ದೂರಿನಲ್ಲೂ ಇದೆ. ಅದರ ಮೇಲೆ ನಾವು ಹೆಲ್ಮೆಟ್ಟು ನೇತುಹಾಕುತ್ತೇವೆ.

"ಇದ್ನ ನೋಡ್ಬೌದಂತ?" ಎಂದು ಜವರಣ್ಣ ನನ್ನನ್ನು ಕೇಳಿದರು. ನೋಡಬಹುದು, ನೋಡಲೇಬೇಕು, ಯಾವಾಗ ನಿಲ್ಲಿಸುವುದೆಂದು ಹೇಳುವುದು ಅದೇ ಎಂದೆ. ಕುರ್ಚಿಯನ್ನು ಮೀಟರಿನ ಎದುರಿಗೆ ತಿರುಗಿಸಿಕೊಂಡು ಕೂತವರು ಊಟಕ್ಕೂ ಏಳಲಿಲ್ಲ. ಮುಳ್ಳು ತುಸು ಅಲುಗಿದರೂ "ಮಂದ ಆಯ್ತಾ ಅದೆ" ಎಂದು ಸಾರಿದರು. ಕೆರೆಯೂರಿನ ಆ ಹುಡುಗಿಯರು ಮೀಟರನ್ನು ಇಷ್ಟು ಪ್ರೀತಿಯಿಂದ ನೋಡುವವರನ್ನು ಕಂಡಿರಲಿಲ್ಲ. ಅವರಲ್ಲೊಬ್ಬಳು ಕಾಫಿಯನ್ನು ಅಲ್ಲಿಗೇ ತಂದುಕೊಟ್ಟಳು.

ಮಾರನೆಯ ದಿನ ಬಿಳಿ ಕಾಗದದ ಮೇಲೆ ಪಿರ್ಕ್ಕೊ ಇಟ್ಟ ಚಿಟಿಕೆ ಬೆಳ್ಳಗಿತ್ತು. ಬಣ್ಣ ಅಳೆಯುವ ದೀಪದ ಕೆಳಗಿಟ್ಟು, ಸರಿಯಿದೆ ಎಂದು ತಲೆಯಾಡಿಸಿದರು. ಆಮೇಲೆ, ಎರಡು ವಾರಗಳಲ್ಲಿ ನಾನು ಕಂಡಿರದ ಒಂದು ಕೆಲಸ ಮಾಡಿದರು. ಹಲ್ಲು ಕಾಣುವಂತೆ ನಕ್ಕರು. "ಆದರೆ ಇದು ನನ್ನ ಸಣ್ಣ ಪಾತ್ರೆ," ಅಂದರು. "ನಾನು ಕೊಳ್ಳುವುದು ನಿಮ್ಮ ದೊಡ್ಡ ಪಾತ್ರೆಯದನ್ನು."

ಮತ್ತೆ ಮದ್ದೂರು

ಮಾಲೀಕರಿಗೆ ಎಲ್ಲ ವಿವರಿಸಿದೆ. ಅವರು ನಂಬಲಿಲ್ಲ. "ಅಷ್ಟೊಂದ್ ದೂರ ಓಗಿ, ಮುಚ್ಚಳ ತೆಗೀಬ್ಯಾಡಿ ಅಂತ ಕೇಳ್ಕಂಡ್ ಬಂದ್ರಾ?" ಅಂದರು. ಆದರೂ ಒಂದು ಸಲ ಮಾಡಿ ನೋಡಿ, ಇದು ಕೆಟ್ಟರೆ ಸೋಮವಾರದಿಂದ ಗೋಂದು ಎಂದರು.

ದೊಡ್ಡ ಪಾತ್ರೆಗೆ ಪುಡಿ ತುಂಬಿದ ದಿನ ವಿಭಾಗದವರೆಲ್ಲ ಸುತ್ತ ನೆರೆದಿದ್ದರು. ಜವರಣ್ಣ ಮುಚ್ಚಳದ ಬೋಲ್ಟುಗಳನ್ನು ಒಂದೊಂದಾಗಿ ಬಿಗಿದು, ಆ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟರು. "ಇದ್ನ ನಿಮ್ ಬೀರುನಲ್ಲಿ ಮಡಗಿ ಬೀಗ ಆಕ್ಬುಡಿ. ಮದ್ಯಾನ ನಾನೇ ಬಂದು ಕೇಳ್ತೀನಿ. ಬೈದ್ರೂ ಕೊಡ್ಬ್ಯಾಡಿ."

ಮಧ್ಯಾಹ್ನದವರೆಗೂ ಕಾಯಲಿಲ್ಲ, ಮುಂಚೆಯೇ ಬಂದರು. ಕೊಡಲಿಲ್ಲ. ಇನ್ನೊಮ್ಮೆ ಬಂದು, ನೊರೆ ಉಕ್ಕಿ ಪೈಪು ಕಟ್ಟಿಕೊಂಡರೆ ಯಾರು ಹೊಣೆ ಎಂದು ದಬಾಯಿಸಿದರು. ಕೊಡಲಿಲ್ಲ. ನಿಜ ಹೇಳಬೇಕೆಂದರೆ ಬೀರು ತೆಗೆದು ನಾನೇ ಹೋಗಿ ನೋಡಿಬಿಡಲೇ ಎಂದು ನನ್ನ ಕೈಯೂ ತವಕಿಸುತ್ತಿತ್ತು, ಅದಕ್ಕೇ ಬೀರುವಿನ ಕೀಲಿಯನ್ನು ಪಾಳಿ ಮುಗಿಸಿ ಹೊರಟ ಹೆಂಗಸೊಬ್ಬಳ ಸೆರಗಿಗೆ ಕಟ್ಟಿಸಿ ಕಳಿಸಿದೆ. ಮಾಲೀಕರು ಯಾರೋ ನೆಂಟರನ್ನು ಕರೆತಂದು, "ತೋರ್ಸು ಜವರಣ್ಣ" ಅಂದರು. ಜವರಣ್ಣ ಮೀಟರಿನ ಮುಂದಿನ ಸ್ಟೂಲಿನಿಂದ ಏಳದೆ, "ತೋರ್ಸಕ್ಕಾಗಲ್ಲ ಸ್ವಾಮಿ, ಬೇಯ್ತಾ ಅದೆ. ಬೇಕಾರೆ ಈ ಮುಳ್ ನೋಡಿ" ಅಂದರು. ನೆಂಟರು ಮುಳ್ಳು ನೋಡಿ, ಏನೂ ತಿಳಿಯದೆ, ಚೆನ್ನಾಗಿದೆ ಎಂದು ಹೋದರು.

ಪುಡಿಯಾಗಿ, ತೊಳೆದು, ಒಣಗಿ ಬಂದ ಮಾಲನ್ನು ತಟ್ಟೆಯಲ್ಲಿ ಹರಡಿದಾಗ ನಾವೆಲ್ಲ ಬಗ್ಗಿ ನೋಡಿದೆವು. ಆಗತಾನೆ ಬೀಸಿದ ಅಕ್ಕಿಹಿಟ್ಟಿನ ಹಾಗೆ ಇತ್ತು. ಮಾಲೀಕರು ಬಂದು ಬೆರಳಲ್ಲಿ ಮುಟ್ಟಿ ನೋಡಿದರು, ಪಿರ್ಕ್ಕೊ ಕೊಟ್ಟು ಕಳಿಸಿದ ಮಾದರಿಯ ಪಕ್ಕಕ್ಕಿಟ್ಟು ನೋಡಿದರು, ಕಿಟಕಿಯ ಬೆಳಕಿಗೊಯ್ದು ನೋಡಿದರು. "ಗೋಂದಿನ್ ಇಸ್ಯ ಇನ್ ಎತ್ತಾದ್ ಬ್ಯಾಡ" ಎಂದು ಹೇಳಿ ಹೊರಟುಹೋದರು. ಯಾರೋ ಶಿಳ್ಳೆ ಹಾಕಿದರು. ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಇಲ್ಲ.

ಎಲ್ಲರೂ ಮುಗಿಬಿದ್ದು ತಟ್ಟೆ ನೋಡುತ್ತಿದ್ದಾಗ ಜವರಣ್ಣ ಮಾತ್ರ ದೂರದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ನಾನು ತಟ್ಟೆಯನ್ನು ಅವರ ಬಳಿಗೇ ತೆಗೆದುಕೊಂಡು ಹೋದೆ.

"ಈಗ್ ನೋಡ್ಬೌದಾ ಮೇಡಮ್?" ಎಂದು ಕೇಳಿದರು.

"ನೋಡಿ ಜವರಣ್ಣ," ಅಂದೆ. "ಎಷ್ಟು ಹೊತ್ತು ಬೇಕಾದರೂ ನೋಡಿ."

ಅವರು ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿಕೊಂಡು, ಬಾಗಿಲ ಬೆಳಕಿಗೆ ತಿರುಗಿ ನಿಂತರು. ಪಾಳಿ ಮುಗಿದ ಗಂಟೆ ಹೊಡೆದು ನಾವೆಲ್ಲ ಚಪ್ಪಲಿ ಹಾಕಿಕೊಂಡು ಹೊರಟಾಗಲೂ ಅಲ್ಲೇ ನಿಂತಿದ್ದರು.